ಹೇಝಲ್ ತೋಟ ಉಳಿಸಿದ ಬಡ ಗಿಡ

ಹೇಝಲ್ ಬೀಜ ನಿಮಗೆ ಚಾಕೊಲೇಟಿನಲ್ಲಿ ಪರಿಚಯವಿರಬಹುದು. ಅಮೆರಿಕದ ಆರೆಗಾನ್ ರಾಜ್ಯದ ತೋಟಗಳಲ್ಲಿ ಹಿಂದೆ ಬಹುಪಾಲು ‘ಬಾರ್ಸಿಲೋನಾ’ ಎಂಬ ಒಂದೇ ತಳಿಯಿತ್ತು. ಇದು ಹೂ ಬಿಡುವುದು ಚಳಿಗಾಲದಲ್ಲಿ; ಪರಾಗ ಸಾಗಿಸುವುದು ದುಂಬಿಯಲ್ಲ, ಗಾಳಿ. ಸ್ವಂತ ತಳಿಯ ಪರಾಗ ಅದಕ್ಕೆ ಒಗ್ಗದು. ಹಾಗಾಗಿ ನಡುನಡುವೆ ಬೇರೆ ತಳಿಯನ್ನೂ ನೆಡಲೇಬೇಕು.

1973ರಲ್ಲಿ ನೆರೆಯ ವಾಷಿಂಗ್ಟನ್ ರಾಜ್ಯದಿಂದ ಒಂದು ಶಿಲೀಂಧ್ರ ರೋಗ ವರದಿಯಾಯಿತು. ಪೂರ್ವ ಅಮೆರಿಕದ ಕಾಡು ಹೇಝಲ್‌ಗೆ ಅಷ್ಟೇನೂ ಕೇಡು ಮಾಡದ ಈ ರೋಗ, ಯೂರೋಪಿನ ತಳಿಗಳ ಕೊಂಬೆಗಳನ್ನು ಒಣಗಿಸಿ ಗಿಡವನ್ನೇ ಕೊಲ್ಲುತ್ತದೆ. ಅದು ಆರೆಗಾನ್‌ಗೂ ಹಬ್ಬಿತು. ಪರಿಹಾರ ಸಿಕ್ಕಿದ್ದೆಲ್ಲಿ ಗೊತ್ತೇ? ಪರಾಗಕ್ಕೆಂದಷ್ಟೇ ನೆಡುತ್ತಿದ್ದ, ಫಸಲಿಗೆ ಹೆಸರಿಲ್ಲದ ‘ಗ್ಯಾಸವೇ’ ಗಿಡದಲ್ಲಿ! ಅದರ ಒಂದೇ ವಂಶವಾಹಿಯ ಬಲದಿಂದ ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯ 2009ರಲ್ಲಿ ‘ಜೆಫರ್ಸನ್’ ತಳಿ ನೀಡಿತು. ಆದರೆ ಒಂದನ್ನೇ ನೆಚ್ಚಿದರೆ ರೋಗಾಣು ಅದನ್ನೂ ಮೀರಬಹುದು; ಅದಕ್ಕೇ ತಳಿವಿಜ್ಞಾನಿಗಳು ಇತರ ಗಿಡಗಳಲ್ಲೂ ಹುಡುಕುತ್ತಿದ್ದಾರೆ.