ಕರೆಂಟಿಗೆ ಕಾಯದ ಯಂತ್ರ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಒಬ್ಬ ವಿಜ್ಞಾನಿಯ ಬಗ್ಗೆ ಮಾತಾಡಿ ಅಂದರು ಹೆಡ್ ಮಾಸ್ತರರು. ನಾನು ವಿಜ್ಞಾನಿಯಲ್ಲ. ಮೂವತ್ತು ವರ್ಷ ಸರ್ಕಾರಿ ಆಸ್ಪತ್ರೆಗಳ ಲ್ಯಾಬಿನಲ್ಲಿ ರಕ್ತ, ಕಫ ನೋಡಿ ನಿವೃತ್ತನಾದವನು. ಹಾಗಾಗಿ ಕೊನೆಕೊನೆಗೆ ನನ್ನ ಮೇಜಿನ ಮೇಲೆ ಬಂದು ಕೂತ ಒಂದು ಯಂತ್ರದ ವಿಷಯ, ಅದನ್ನು ಮಾಡಿದವರ ವಿಷಯ ಹೇಳುತ್ತೇನೆ.

ಅದಕ್ಕೂ ಮೊದಲು ಒಂದು ಹಳೆಯ ಸಂಗತಿ. ಒಂದು ಮಳೆಗಾಲ, ಘಟ್ಟದಂಚಿನ ಹಳ್ಳಿಯಿಂದ ಒಬ್ಬಾತ ನಡೆದು ಬಂದ. ತಿಂಗಳಿಂದ ಕೆಮ್ಮು. ಕಫದ ಸ್ಲೈಡ್ ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ, ಏನೂ ಕಾಣಲಿಲ್ಲ. 'ನೆಗೆಟಿವ್' ಎಂದು ಬರೆದೆ. ಆತ ಕೈಮುಗಿದು ಹೋದ. ನಾಲ್ಕು ತಿಂಗಳ ಮೇಲೆ ಅವನನ್ನು ಹೊತ್ತು ತಂದರು. ಈಗ ಸ್ಲೈಡಿನ ತುಂಬ ಕೆಂಪು ಕಡ್ಡಿಗಳು. ಆತ ಉಳಿಯಲಿಲ್ಲ. ಮಗಳಿಗೂ ಹತ್ತಿತ್ತು, ಅವಳು ಗುಳಿಗೆ ಮುಗಿಸಿ ಗುಣವಾದಳು.

ನಾನು ಉದಾಸೀನ ಮಾಡಿರಲಿಲ್ಲ. ಆದರೆ ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು ಹತ್ತು ಸಾವಿರ ಕ್ರಿಮಿ ಇದ್ದರೇ ನಮ್ಮ ಕಣ್ಣಿಗೆ ಸಿಗುವುದು. 1882ರಲ್ಲಿ ರಾಬರ್ಟ್ ಕಾಕ್ ಕ್ಷಯದ ಕ್ರಿಮಿಯನ್ನು ಬಣ್ಣ ಹಾಕಿ ನೋಡಿದರು. ನೂರು ವರ್ಷ ಕಳೆದ ಮೇಲೂ ನಾವು ಹೆಚ್ಚುಕಡಿಮೆ ಹಾಗೆಯೇ ನೋಡುತ್ತಿದ್ದೆವು. ಕ್ರಿಮಿಯ ಡಿಎನ್‌ಎಯನ್ನೇ ಲಕ್ಷಗಟ್ಟಲೆ ಪ್ರತಿ ಮಾಡಿ ಹಿಡಿಯುವ ಪಿಸಿಆರ್ ಬಂದಿತ್ತು ನಿಜ. ಅದಕ್ಕೆ ಎಸಿ ಕೋಣೆ ಬೇಕು, ಕರೆಂಟು ಹೋಗಬಾರದು. ನಮ್ಮಲ್ಲಿ? ಸೂಪಾ ಊರನ್ನೇ ನೀರಿಗೆ ಕೊಟ್ಟು, ಕಾಳಿಯ ಕರೆಂಟನ್ನು ರಾಜ್ಯಕ್ಕೆ ಕೊಟ್ಟವರು ನಾವು. ಮಳೆಯಲ್ಲಿ ಮರ ಬಿದ್ದರೆ ಮೂರು ದಿನ ಚಿಮಣಿ ಹಚ್ಚುವವರೂ ನಾವೇ.

ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸಿನಲ್ಲಿ ಡಾ. ಚಂದ್ರಶೇಖರ ನಾಯರ್ ಮತ್ತು ಅವರ ತಂಡ ಹಿಡಿದದ್ದು ಈ ತೊಡಕನ್ನೇ. ದೊಡ್ಡ ಯಂತ್ರವನ್ನು ಹಳ್ಳಿಗೆ ತರುವುದಲ್ಲ, ಹಳ್ಳಿಯಲ್ಲಿ ನಿಲ್ಲುವ ಯಂತ್ರವನ್ನೇ ಮಾಡುವುದು. ಪಿಸಿಆರ್ ಅಂದರೆ ದ್ರವವನ್ನು ಮತ್ತೆ ಮತ್ತೆ ಕಾಯಿಸಿ ತಣಿಸುವುದು ತಾನೇ? ದ್ರವವನ್ನು ಕೆಲವೇ ಹನಿಗಿಂತಲೂ ಕಡಿಮೆ ಮಾಡಿ, ಬೆರಳುದ್ದದ ಚಿಪ್ಪಿನ ಮೇಲೆ ಹಾಕಿದರೆ ಬೇಗ ಕಾಯುತ್ತದೆ, ಬೇಗ ತಣಿಯುತ್ತದೆ, ಬ್ಯಾಟರಿಯೇ ಸಾಕಾಗುತ್ತದೆ. ಹೇಳುವುದು ಸುಲಭ, ಅವರಿಗೆ ಎಷ್ಟೋ ವರ್ಷ ಹಿಡಿಯಿತು. 'ಟ್ರೂನ್ಯಾಟ್' ಎಂಬ ಆ ಯಂತ್ರವನ್ನು ತಯಾರಿಸುವ ಮೋಲ್‌ಬಯೋ ಕಂಪನಿ ಇರುವುದು ನಮ್ಮ ಅನಮೋಡ ಘಟ್ಟ ಇಳಿದರೆ ಸಿಗುವ ಗೋವಾದಲ್ಲಿ! 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕ್ಷಯ ಪತ್ತೆಗೆ ಅದನ್ನು ಒಪ್ಪಿತು. ಅದೇ ವರ್ಷ ಕೋವಿಡ್ ಪರೀಕ್ಷೆಗೂ ಅದೇ ಯಂತ್ರ ಊರೂರಿಗೆ ಹೋಯಿತು.

ಒಂದು ಗಂಟೆಯಲ್ಲಿ ಕ್ಷಯ ಇದೆಯೋ ಇಲ್ಲವೋ ತಿಳಿಯುತ್ತದೆ. ಇದ್ದರೆ, ರಿಫಾಂಪಿಸಿನ್ ಔಷಧ ನಾಟುತ್ತದೋ ಇಲ್ಲವೋ ಎಂಬುದು ಇನ್ನೊಂದು ಗಂಟೆಯಲ್ಲಿ. ರೋಗಿ ಬಸ್ಸು ತಪ್ಪಿಸಿಕೊಳ್ಳುವ ಮೊದಲೇ ಚೀಟಿ ಕೈಗೆ ಬರುತ್ತದೆ. ಅಗ್ಗದ ಪರೀಕ್ಷೆ ಅಂದರೆ ನನ್ನ ಲೆಕ್ಕದಲ್ಲಿ ಇದು. ಪರೀಕ್ಷೆ ಪುಕ್ಕಟೆಯಾದರೂ ಎರಡು ಸಲ ಬಂದುಹೋಗುವ ಬಸ್ ಚಾರ್ಜು, ತಪ್ಪಿದ ಕೂಲಿ ಯಾರು ಕೊಡುತ್ತಾರೆ? ಹಾಗೆಂದು ಯಂತ್ರವನ್ನು ದೇವರು ಮಾಡಬೇಡಿ. ಚಿಪ್ ಮುಗಿದ ದಿನ ಅದೂ ಬರೀ ಡಬ್ಬವೇ.

ಮಂಗನ ಕಾಯಿಲೆಗೂ ಈಗ ಇದೇ ಯಂತ್ರದ ಚಿಪ್ ಬಂದಿದೆ. ಪುಣೆಯ ವೈರಾಣು ಸಂಸ್ಥೆಯವರು ಅದನ್ನು ಪರೀಕ್ಷಿಸಿ ನೋಡಿದ್ದಾರೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ರೋಗ, ನಮ್ಮ ಜಿಲ್ಲೆಯನ್ನೂ ಬಿಟ್ಟಿಲ್ಲ. ದರಕಿಗೆ, ಸೌದೆಗೆ ಕಾಡಿಗೆ ಹೋಗುವ ನಮಗೆ ಇದು ಸಣ್ಣ ಸುದ್ದಿಯಲ್ಲ.

ಇಷ್ಟು ಹೊತ್ತೂ ಹಿಂದಿನ ಸಾಲಿನಿಂದ ಒಬ್ಬರ ಕೆಮ್ಮು ಕೇಳುತ್ತಿದೆ. ಲ್ಯಾಬಿನವನ ಕಿವಿ, ಕ್ಷಮಿಸಿ. ಎರಡು ವಾರ ದಾಟಿದ್ದರೆ ನಾಳೆ ಬೆಳಿಗ್ಗೆ ಎದ್ದ ಕೂಡಲೇ ಬಾಯಿ ಮುಕ್ಕಳಿಸಿ, ಆಳದಿಂದ ಕಫ ತೆಗೆದು ಡಬ್ಬಿಗೆ ಹಾಕಿ. ಡಬ್ಬಿ ನನ್ನ ಚೀಲದಲ್ಲೇ ಇದೆ, ಊಟದ ಪಂಕ್ತಿಯ ಹತ್ತಿರ ಕೇಳಿ ತೆಗೆದುಕೊಳ್ಳಿ.