ಮರೆವಿನೊಳಗೂ ಅರಿವುಂಟು

(ಮಾಗಡಿಯ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನೀರಾವರಿ ಇಲಾಖೆಯಲ್ಲಿ ಎಂಜಿನಿಯರಾಗಿದ್ದವನು, ಮಾತುಗಾರನಲ್ಲ. ಇವತ್ತಿನ ವಿಷಯ ಮರೆವಿನ ಕಾಯಿಲೆ, ಅಂದರೆ ಡಿಮೆನ್ಷಿಯಾ. ಅದು ಬಂದವರಿಗೆ ತಮ್ಮ ಸ್ಥಿತಿಯ ಅರಿವು ಇರುತ್ತದೆಯೇ? ನಮ್ಮ ಮನೆಯಲ್ಲೇ ಇದಕ್ಕೆ ಉತ್ತರ ಸಿಕ್ಕಿತು. ತಡವಾಗಿ ಸಿಕ್ಕಿತು.

ನನ್ನ ಅಣ್ಣ ರೇಷ್ಮೆ ಬೆಳೆಗಾರರು. ರಾಮನಗರದ ಗೂಡಿನ ಮಾರುಕಟ್ಟೆಗೆ ಹೋಗಿಬಂದರೆ ತೂಕ, ದರ, ಬಂದ ಹಣ ಎಲ್ಲ ಬಾಯಲ್ಲೇ ಇರುತ್ತಿತ್ತು. ಒಂದು ದಿನ ಜಗಲಿಯಲ್ಲಿ ಕೂತು, “ಲೆಕ್ಕ ಕೈ ತಪ್ತಾ ಐತೆ ಕಣೋ. ತಲೇಲಿ ಏನೋ ಆಗ್ತಾ ಐತೆ” ಅಂದರು. ನಾನು ನಕ್ಕು, “ಅರವತ್ತಕ್ಕೆ ಅರಳುಮರಳು, ಬಿಡಣ್ಣ” ಅಂದುಬಿಟ್ಟೆ. ಅವರು ಮತ್ತೆ ಆ ಮಾತೆತ್ತಲಿಲ್ಲ.

ಎರಡು ವರ್ಷದ ಮೇಲೆ ಎಲ್ಲ ತಿರುವುಮುರುವು. “ನನಗೇನೂ ಆಗಿಲ್ಲ, ನೀವೇ ನನ್ನ ದುಡ್ಡು ಬಚ್ಚಿಟ್ಟಿದ್ದೀರಿ” ಎಂದು ಜಗಳ. ನಾವು ಹಟ ಅಂದುಕೊಂಡೆವು. ಕೆಲವರು ಗ್ರಹಚಾರ ಅಂದರು, ಕೆಲವರು ಮಾಟ ಅಂದರು. ಎರಡೂ ಅಲ್ಲ.

ನನಗೆ ತಿಳಿದ ಭಾಷೆಯಲ್ಲಿ ಹೇಳುತ್ತೇನೆ. ಮಂಚನಬೆಲೆಯಲ್ಲಿ, ಕಣ್ವದಲ್ಲಿ ನೀರಿನ ಮಟ್ಟವನ್ನು ಗೇಜು ನೋಡಿ ತಿಳಿಯುತ್ತೇವೆ. ನೀರು ಇಳಿದರೆ ಗೇಜು ತೋರಿಸುತ್ತದೆ. ಗೇಜೇ ಕೆಟ್ಟರೆ, ‘ನಾನು ಕೆಟ್ಟಿದ್ದೇನೆ’ ಎಂದು ಅದು ಹೇಳಲಾರದು. ಮಿದುಳೂ ಹಾಗೆಯೇ. ಫ್ರಾನ್ಸಿನ ವೈದ್ಯ ಬಾಬಿನ್‌ಸ್ಕಿ 1914ರಲ್ಲಿ, ಕೈಕಾಲು ಬಿದ್ದುಹೋಗಿದ್ದರೂ ಅದರ ಅರಿವಿಲ್ಲದ ರೋಗಿಗಳನ್ನು ಕಂಡು ಈ ಸ್ಥಿತಿಗೆ ‘ಅನೊಸೊಗ್ನೋಸಿಯಾ’ ಎಂದು ಹೆಸರಿಟ್ಟರು. ಡಿಮೆನ್ಷಿಯಾದಲ್ಲಿಯೂ ಇದು ಸಾಮಾನ್ಯ. ಅಣ್ಣ ಸುಳ್ಳು ಹೇಳುತ್ತಿರಲಿಲ್ಲ. ಅವರ ಗೇಜು ಕೆಟ್ಟಿತ್ತು.

ಆದರೆ ಎಲ್ಲ ಅರಿವೂ ಒಂದೇ ಸಲ ಹೋಗುವುದಿಲ್ಲ. ಜರ್ಮನಿಯಲ್ಲಿ ಡಾಕ್ಟರ್ ಆಲ್ಝೈಮರ್ 1901ರಲ್ಲಿ ಪರೀಕ್ಷಿಸಿದ ಆಗುಸ್ಟೆ ಡೇಟರ್ ಎಂಬ ಹೆಂಗಸಿಗೆ ತನ್ನ ಹೆಸರು ಬರೆಯಲೂ ಆಗುತ್ತಿರಲಿಲ್ಲ. ಆದರೂ ತನ್ನನ್ನೇ ತಾನು ಕಳೆದುಕೊಂಡಿದ್ದೇನೆ ಎಂಬುದನ್ನು ಆಕೆ ಬಾಯಿಬಿಟ್ಟು ಹೇಳಿದ್ದಳು.

ಈಗ ನಮ್ಮ ತಪ್ಪು ಹೇಳಬೇಕು. ಜಮೀನಿನ ವಿಭಾಗ ಪತ್ರವನ್ನು ಅಣ್ಣನ ಎದುರಿಗೇ ಕೂತು ಬರೆಸಿದೆವು. “ಅವರಿಗೇನು ಗೊತ್ತಾಗುತ್ತೆ” ಎಂದು ಹೆಬ್ಬೆಟ್ಟಿಗೆ ಮಸಿ ಹಚ್ಚಲು ಹೋದೆವು. ಸಹಿ ಮಾಡಿ ಬದುಕಿದ ಕೈ ಅದು. ಅಣ್ಣ ಕೈ ಹಿಂದಕ್ಕೆಳೆದುಕೊಂಡು, “ನಾನಿನ್ನೂ ಇದೀನಲ್ಲಪ್ಪ. ನನ್ನೊಂದು ಮಾತು ಕೇಳಬಾರದಿತ್ತಾ?” ಅಂದರು. ಯಾರಿಗೂ ತಲೆಯೆತ್ತಲು ಆಗಲಿಲ್ಲ. ಪತ್ರ ಅಲ್ಲಿಗೇ ನಿಂತಿತು. ಇನ್ನೊಂದು ಬೆಳಿಗ್ಗೆ, ಅವರು ತಿಳಿಯಾಗಿದ್ದಾಗ, ಪಕ್ಕದಲ್ಲಿ ಕೂತು ಕೇಳಿದೆ. “ತಂಗಿ ಪಾಲು ಎಲ್ಲಿ?” ಅಂದರು. ಸಮಾನತೆಯ ಭಾಷಣ ಕೇಳಿ ಚಪ್ಪಾಳೆ ತಟ್ಟುವ ನಾವು ತಂಗಿಯನ್ನು ಬಿಟ್ಟಿದ್ದೆವು. ನೆನಪು ಕಳೆದುಕೊಂಡವರು ನೆನಪಿಸಿದರು.

ಇವತ್ತು ಅವರಿಗೆ ನನ್ನ ಹೆಸರು ಬರುವುದಿಲ್ಲ. ಆದರೆ ಮಿಂದು ಬಂದು ಕೂತರೆ ಅಂಗೈ ತಾನಾಗಿ ಇಷ್ಟಲಿಂಗಕ್ಕೆ ತೆರೆದುಕೊಳ್ಳುತ್ತದೆ. ದನಿ ಏರಿಸಿದರೆ ಮುಖ ಬಾಡುತ್ತದೆ, ಕೈ ಹಿಡಿದರೆ ಅರಳುತ್ತದೆ. ಅದೂ ಅರಿವೇ.

ಬಂಧುಗಳೇ, 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಪ್ರಕಾರ ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ ಸುಮಾರು 7 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ, ಈ ಕಾಯಿಲೆ ಇದೆ. ಚನ್ನಪಟ್ಟಣವಾಗಲಿ ಕನಕಪುರವಾಗಲಿ ಹೊರತಲ್ಲ. ಹಿರಿಯರು “ಏನೋ ಆಗ್ತಿದೆ” ಅಂದಾಗ ನಗಬೇಡಿ, ವೈದ್ಯರಲ್ಲಿಗೆ ಕರೆದೊಯ್ಯಿರಿ. ಥೈರಾಯ್ಡ್ ತೊಂದರೆ, ಬಿ12 ಕೊರತೆಯಿಂದ ಬಂದ ಮರೆವಾದರೆ ಚಿಕಿತ್ಸೆಯಿದೆ. ನಿಮ್ಹಾನ್ಸ್ ನಮಗೆ ಹತ್ತಿರವೇ ಇದೆ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತನಾಡಬಹುದು. ಅವರ ಇಚ್ಛೆಯನ್ನು ಹೇಳುವ ಶಕ್ತಿ ಇರುವಾಗಲೇ ಕೇಳಿಟ್ಟುಕೊಳ್ಳಿ. ಮುಂದೆ “ನನಗೇನೂ ಆಗಿಲ್ಲ” ಅಂದರೆ ವಾದಿಸಬೇಡಿ. ಅವರೆದುರಿಗೇ ಅವರಿಲ್ಲವೆಂಬಂತೆ ಮಾತಾಡಬೇಡಿ. ಗೋಷ್ಠಿಗೆ, ದಾಸೋಹಕ್ಕೆ ಕರೆತನ್ನಿ, ಮನೆಯೊಳಗೆ ಮುಚ್ಚಿಡಬೇಡಿ.

ಮರೆವು ಅವರ ಕಾಯಿಲೆ. ಅವರನ್ನೇ ಮರೆತರೆ, ಅದು ನಮ್ಮ ಕಾಯಿಲೆ.