ಶಂಕೆಯ ದಫ್ತರ
(ಮುಂಬಯಿಯ ಫೋರ್ಟ್‌ನಲ್ಲಿ ಮಾಡಿದ ಭಾಷಣ)



ಇಲ್ಲಿಗೆ ಸಮೀಪದ ಹೈಕೋರ್ಟಿನಲ್ಲಿ 2022ರ ಡಿಸೆಂಬರಿನಲ್ಲಿ, ಪೊಲೀಸ್ ಪೇದೆ ಹುದ್ದೆಯ ಅರ್ಜಿಯಲ್ಲಿ ಲಿಂಗಾಂತರಿಗಳಿಗೂ ಸ್ಥಾನವಿಡಲು ಮಹಾರಾಷ್ಟ್ರ ಸರಕಾರ ಒಪ್ಪಿತು.

ಹಿಜಡಾಗಳನ್ನು ಮಕ್ಕಳ ಕಳ್ಳರೆಂದು ಶಂಕಿಸಿ ಪೊಲೀಸ್ ದಫ್ತರಕ್ಕೇರಿಸಿದ್ದು 1871ರ ಅಪರಾಧಿ ಬುಡಕಟ್ಟು ಕಾಯಿದೆ. ಆಂಗ್ಲರು ಹೋದರೂ ಆ ಶಂಕೆ ಹೋಗಲಿಲ್ಲ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯಿದೆಯ 36ಎ ಕಲಮಾಗಿ ಮರಳಿತು. ಆ ಸಮುದಾಯದ ಹೆಸರು ಅದರಿಂದ ಹೋದದ್ದು 2016ರಲ್ಲಿ. 2018ರಲ್ಲಿ ಹೈದರಾಬಾದಿನ ಗುಂಪೊಂದು ಮಕ್ಕಳ ಕಳ್ಳರ ವಾಟ್ಸಾಪ್ ವದಂತಿಯನ್ನು ನಂಬಿ ಲಿಂಗಾಂತರಿಯೊಬ್ಬರನ್ನು ಕೊಂದಿತು. ಇಂತಹ ಸಂದೇಶವನ್ನು ಮುಂದಕ್ಕೆ ದಾಟಿಸುವುದು ಸತ್ಯಾಣುವ್ರತಕ್ಕೆ ಭಂಗವೇ.

ದಿಗಂಬರ ಶಾಸ್ತ್ರವಾದರೋ ದೇಹದ ದ್ರವ್ಯವೇದ, ಒಳಗಿನ ಭಾವವೇದ ಬೇರೆಬೇರೆಯಾಗಿರಬಹುದೆಂದು ಒಪ್ಪಿದೆ. ಆ ವಾದಗಳನ್ನು ನೆಲ್ಲಿಕಾರಿನ ಪದ್ಮನಾಭ ಜೈನಿಯವರು 1991ರಲ್ಲಿ ಇಂಗ್ಲಿಷ್ ಗ್ರಂಥವಾಗಿಸಿದರು. ಬಸದಿಗಳ ಪ್ರವಚನದಲ್ಲಿ ಅವು ಕೇಳಿಬರುವುದು ಅಪೂರ್ವ.